ಸುಗ್ಗಿ ಹಬ್ಬಕ್ಕೆ ಇಟ್ಟ ಲಡಿ

ನಾನು ಓದು ಬಿಟ್ಟಿದ್ದು ೧೯೫೮ರಲ್ಲಿ, ಏಳನೇ ಕ್ಲಾಸಿಗೆ. ಶಿಡ್ಲಘಟ್ಟದ ನಮ್ಮ ಬೀದಿಗೆ ಈಗಲೂ ಬೆಳಿಗ್ಗೆ ಬೇಯುವ ರೇಷ್ಮೆಗೂಡಿನ ವಾಸನೆ ಬರುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಮೂಗಿಗೆ ತಾಕಿದರೆ ಸತ್ತವರೆಲ್ಲ ಎದ್ದು ಬರುವಂಥದ್ದು. ನನಗಾದರೆ ಹಂಚಿನ ಮನೆಯ ಹಿಂದಿನ ಚಪ್ಪರ, ಹೊಗೆಗೆ ಕಣ್ಣು ಕೆಂಪಾದ ಅಮ್ಮ, ಬಿಸಿನೀರಿನ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಪ್ಪ. ಬಾಣಲೆಯಲ್ಲಿ ಕುಣಿಯುವ ಗೂಡುಗಳಿಂದ ಅಪ್ಪ ಎಳೆ ಹಿಡಿದು ಕೊಡುತ್ತಿದ್ದರು, ಅಮ್ಮ ಚರಕ ತಿರುಗಿಸುತ್ತಿದ್ದಳು. ಯಾರಾದರೂ "ಏನು ನೂಲಪ್ಪಾ ನಿಂದು!" ಎಂದರೆ ಅಪ್ಪ ತಲೆ ಎತ್ತದೆ "ದೇವರಿಗೆ ಸ್ತೋತ್ರ" ಅನ್ನುತ್ತಿದ್ದರು. ನನಗೆ ಅದು ತಿಳಿಯುತ್ತಲೇ ಇರಲಿಲ್ಲ. ಕುದಿಯೋ ನೀರಿಗೆ ಕೈ ಇಡೋರು ಇವರು, ಹೊಗಳಿಕೆ ಮಾತ್ರ ಮೇಲಿನವನಿಗೆ!

ಓದು ಬಿಟ್ಟ ವರ್ಷವೇ ಅಪ್ಪ ನನ್ನನ್ನು ಬಾಣಲೆಗೆ ಕೂರಿಸಿದರು. ಸುಗ್ಗಿ ಹಬ್ಬದ ದಿನ ನಮ್ಮ ಸಭೆಯವರು ತಂತಮ್ಮ ದುಡಿಮೆಯ ಮೊದಲ ಫಲವನ್ನು ಚರ್ಚಿನ ಪೀಠದ ಮುಂದೆ ಇಡುವುದು ವಾಡಿಕೆ. ರಾಗಿ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಹೀಗೆ. "ಈ ಸಲ ನಿನ್ನ ಲಡಿ ಇಡಣ ಕಣೋ" ಅಂದರು ಅಪ್ಪ. ಎರಡು ದಿನ ಕೂತು ಬೆರಳು ಬೇಯಿಸಿಕೊಂಡು ಒಂದು ಲಡಿಗಾಗುವಷ್ಟು ನೂಲು ತೆಗೆದೆ. ಮಾರನೇ ದಿನ ಅತ್ತೆಯನ್ನು ಹಬ್ಬಕ್ಕೆ ಕರೆತರಲು ನನ್ನನ್ನು ಚಿಂತಾಮಣಿಗೆ ಕಳಿಸಿದರು. ಬಂದು ನೋಡಿದರೆ ಲಡಿ ತಿರುಚಿ ಗಳುವಿನ ಮೇಲೆ ತೂಗುಹಾಕಿದ್ದರು, ಹಳದಿಗೆ ಹೊಳೆಯುತ್ತಿತ್ತು. ನನ್ನ ಕೆಲಸಕ್ಕೆ ನಾನೇ ಬೆರಗಾದೆ.

ಹಬ್ಬದ ದಿನ ಚರ್ಚಿನ ಅಯ್ಯನವರು ಅದನ್ನು ಎತ್ತಿ ಹಿಡಿದು, "ಇಷ್ಟು ನಯವಾದ ನೂಲು ಯಾರದು?" ಎಂದರು. ಅಪ್ಪ ಎದ್ದು, "ದೇವರ ಕೃಪೆ, ಅಯ್ಯನೋರೆ" ಎಂದವರೇ ಕೂತುಬಿಟ್ಟರು. ನನ್ನ ಹೆಸರೇ ಇಲ್ಲ! ಚಾಪೆಯಿಂದ ಜಿಗಿದೆದ್ದು, ಬೊಬ್ಬೆ ಬಂದ ಎರಡೂ ಕೈ ಎತ್ತಿ, "ದೇವರಲ್ಲ, ನಾನು! ನಾನೊಬ್ಬನೇ ತೆಗೆದಿದ್ದು!" ಎಂದೆ. ಸಭೆ ಗೊಳ್ಳೆಂದಿತು. ಹೆಂಗಸರ ಕಡೆಯಿಂದ ಅತ್ತೆ, "ಅಬ್ಬಾ, ವೀಡಿ ಪೊಗರು ಚೂಡು!" ಎಂದು ನನ್ನ ಜಂಬಕ್ಕೆ ತನ್ನ ತೆಲುಗಿನಲ್ಲಿ ನಕ್ಕಳು. ಪಕ್ಕದಲ್ಲಿದ್ದ ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಅವಳತ್ತ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಪ್ಪ, ನೀನೇ" ಅಂದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಅಪ್ಪ ತೀರಿಕೊಂಡ ಮೇಲೆ, ಒಂದು ದಿನ ಅಮ್ಮ ಚರಕ ನಿಲ್ಲಿಸಿ ಹೇಳಿದಳು: "ನಿನ್ನ ಆ ಲಡಿ ಇತ್ತಲ್ಲ, ಅರ್ಧ ನಿಮ್ಮಪ್ಪಂದು ಕಣೋ. ನೀನು ಚಿಂತಾಮಣಿಗೆ ಹೋದಾಗ ಎಲ್ಲ ಬಿಚ್ಚಿ ಸುತ್ತಿದ್ರು. ದಪ್ಪ ಬಂದ ಕಡೆಯೆಲ್ಲ ಕಿತ್ತು ತಮ್ಮ ನೂಲು ಸೇರಿಸಿದ್ರು. ಹೇಳ್ಬೇಡ ಅಂದಿದ್ರು."

ಚರ್ಚಿಗೆ ಒಯ್ಯುವ ಮುಂಚೆ ನಾನು ಆ ಲಡಿಯನ್ನು ಎಷ್ಟು ಸಲ ಸವರಿದ್ದೆ, ಒಂದು ಗಂಟೂ ಕೈಗೆ ಸಿಕ್ಕಿರಲಿಲ್ಲ. ಹಾಗಾದರೆ "ದೇವರ ಕೃಪೆ" ಅಂದಾಗ ಅಪ್ಪ ಮುಚ್ಚಿಟ್ಟಿದ್ದು ನನ್ನ ಹೆಸರನ್ನೋ, ತಮ್ಮದನ್ನೋ? "ನೀನೇ" ಅಂದಿದ್ದು ಸುಳ್ಳೋ, ನನಗೆ ಕೊಟ್ಟಿದ್ದೋ? ದೇವರ ಸನ್ನಿಧಿಯಲ್ಲಿ ಸುಳ್ಳಾಡುವ ಮನುಷ್ಯನಂತೂ ಅಲ್ಲ ಅವರು. ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನಾನು ಜಂಬದವನೇ, ದುಡಿದು ಸಂಪಾದಿಸಿದ ಜಂಬ, ಬಿಡಲಾರೆ. ಆದರೂ ಯಾರಾದರೂ ನನ್ನ ನೂಲು ಹೊಗಳಿದರೆ "ನಾನೇ" ಅನ್ನಲು ನಾಲಿಗೆ ಏಳುವುದಿಲ್ಲ. "ಸ್ತೋತ್ರ" ಅಂದರೆ ಅಪ್ಪನ ಮಾತು ಕದ್ದಂತಾಗುತ್ತದೆ. ತಲೆ ತಗ್ಗಿಸಿ ಮುಂದಿನ ಎಳೆ ಹುಡುಕುತ್ತೇನೆ.

ಆ ಚಪ್ಪರ ಹೋಯಿತು, ಹಂಚಿನ ಮನೆ ಹೋಯಿತು, ಅಮ್ಮನೂ ಹೋದಳು. ಈಗ ನನ್ನ ಹತ್ತಿರ ಇರುವುದು ಬಾಣಲೆ ಮೂರು, ಚರಕ ಮೂರು, ಅಪ್ಪನ ಸತ್ಯವೇದ ಒಂದು, ಬೆಂದು ಬಿಳಿಚಿದ ಬೆರಳು ಹತ್ತು.