ಇಲ್ಲದ ಬಾಗಿಲಿಗೆ ಬಗ್ಗಿದ ಆಯಿ

ಆಯಿಯ ಹಣೆಯ ಮೇಲೆ ವಿಭೂತಿಗೂ ಮುಚ್ಚಲಾಗದ ಒಂದು ಕುಳಿ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಹಳೇ ಈಶ್ವರ ಗುಡಿಯೊಳಗಿನ ಗಿಡ್ಡ ಬಾಗಿಲಿಗೆ ಹಣೆ ಹೊಡೆಸಿಕೊಂಡಿದ್ದಳಂತೆ. ಆಮೇಲೆ ಬಗ್ಗುವುದನ್ನು ಕಲಿತಳು. ಎಷ್ಟು ಕಲಿತಳೆಂದರೆ, ಆ ಗುಡಿ ಊರಿನ ಸಮೇತ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೂ, ಹೊಸ ಊರಿನ ಸಿಮೆಂಟ್ ಗುಡಿಯಲ್ಲಿ ಬರೀ ಗೋಡೆಯ ಮುಂದೆ ಬಂದು ತಲೆ ಬಗ್ಗಿಸುತ್ತಿದ್ದಳು.

ಅವಳು ಪೂಜಾರಿಯವರ ಹೆಂಡತಿ. ಅವರು ತೀರಿದ ಮೇಲೆ ಸಂಜೆಯ ದೀಪ ಅವಳದೇ ಆಯಿತು. ಗುಡಿಯ ಎದುರಿಗೇ ನನ್ನ ಹಿಟ್ಟಿನ ಗಿರಣಿ. ಸುತ್ತಲಿನ ಊರವರ ಬಾಯಿಗೆಲ್ಲ ಎದುರುತ್ತರ ಕೊಟ್ಟು ಗಿರಣಿ ನಡೆಸುವವಳಿಗೆ ದೆವ್ವದ ಭಯ ಎಲ್ಲಿಂದ ಬರಬೇಕು!

ಹಳೇ ಗುಡಿಯಲ್ಲಿ ನಡುವೆ ಕಂಬಗಳ ಮಂಟಪ, ಅದಕ್ಕೆ ಮೂರು ಗರ್ಭಗುಡಿ. ಎದುರಿಗೆ ಲಿಂಗ, ಎಡಕ್ಕೆ ಪಾರ್ವತಿ, ಬಲಕ್ಕೆ ಬರೀ ಪೀಠ, ಮೂರ್ತಿಯಿಲ್ಲ. ಊರು ಎಬ್ಬಿಸುವಾಗ ಲಿಂಗವನ್ನೂ ದೇವಿಯನ್ನೂ ತಂದರು. ಮೂರನೆಯದರಿಂದ ತರಲು ಏನೂ ಇರಲಿಲ್ಲ. ಹಾಗಾಗಿ ಬಾಗೇವಾಡಿಯ ಗೌಂಡಿ ಹೊಸ ಗುಡಿಯಲ್ಲಿ ಬಲಕ್ಕೆ ಗೋಡೆ ಎತ್ತಿ, ಸುಣ್ಣ ಬಳಿದು ಹೋದ. ಆಯಿ ದಿನಾ ಅದರ ಬುಡದಲ್ಲಿ ಒಂದು ಹಣತೆ ಇಡುತ್ತಿದ್ದಳು.

“ಇಲ್ಲಿ ಬರೇ ಗ್ವಾಡಿ ಐತಿ ಬೇ ಆಯಿ. ಯಾರಿಗಿ ಹಚ್ತಿ ದೀಪಾ?” ಎಂದು ಛೇಡಿಸಿದೆ.

“ನಿನಗ ಗ್ವಾಡಿ. ಒಳಗ ಕುಂತಾವಗ ಕತ್ತಲಿ ಆಗಬಾರದು ಅಂತ ನಮ್ಮತ್ತಿ ಹೇಳ್ಯಾಳ.”

“ಕುಂತಾವ ಯಾರ?”

“ಹೆಸರ ಕೇಳಬಾರದು ಅಂತನೂ ಹೇಳ್ಯಾಳ.”

ಮುದುಕಿಗೆ ಅರಳುಮರಳು ಎಂದುಕೊಂಡೆ.

ಒಂದು ಬೇಸಿಗೆ ನೀರು ಎಂದೂ ಇಳಿಯದಷ್ಟು ಇಳಿದು ಹಳೇ ಗುಡಿ ಹೊರಬಿತ್ತು. ಆಯಿ ಹಟ ಹಿಡಿದಳು. ಬಿರಿದ ಕೆಸರಿನ ಮೇಲೆ ಕೈಹಿಡಿದು ಕರೆದೊಯ್ದೆ. ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟದ್ದೇ ತಡ, ಹೊರಗಿನ ಹಕ್ಕಿಗಳ ದನಿ ನಿಂತುಹೋಯಿತು. ಕಂಬಗಳಿಗೆ ಚಿಪ್ಪು ಅಂಟಿದ್ದವು. ಮೂರನೆಯ ಗರ್ಭಗುಡಿಯ ಬಾಗಿಲಲ್ಲಿ ಆಯಿ ಬಗ್ಗಿದಳು. ನನ್ನ ತಲೆ ಮೇಲಿನ ಕಲ್ಲಿಗೆ ಬಡಿಯಿತು.

“ಇನ್ನಷ್ಟು ಬಗ್ಗವಾ, ನೀ ಉದ್ದ ಅದಿ,” ಎಂದು ನಕ್ಕಳು.

ಆಮೇಲೆ ಪೀಠದ ಮೇಲೆ ಬೆರಳಾಡಿಸಿ ನನ್ನ ಅಂಗೈಗೆ ಒರೆಸಿದಳು. ಎಣ್ಣೆ! ಅವಳು ದಿನಾ ಗೋಡೆಯ ಮುಂದೆ ಹಚ್ಚುವ ಅದೇ ಕುಸುಬಿ ಎಣ್ಣೆ. ವರ್ಷಗಟ್ಟಲೆ ನೀರಿನಡಿ ಇದ್ದ ಕಲ್ಲಿನ ಮೇಲೆ, ಇನ್ನೂ ಬೆಚ್ಚಗೆ.

“ನೋಡಿದಿ? ಅಲ್ಲಿ ಹಚ್ಚಿದ್ದು ಇಲ್ಲಿಗಿ ಮುಟ್ಟಾಕತ್ತೈತಿ,” ಎಂದಳು. ಮರುಗಳಿಗೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾ ಹೋದ ಮ್ಯಾಲ ಯಾರ ಹಚ್ಚತಾರ ಯವ್ವಾ? ಇವಗ ಕತ್ತಲಿ ಆಗತೈತಿ.”

ನನಗೆ ಅಲ್ಲಿಂದ ಹೊರಬಿದ್ದರೆ ಸಾಕಾಗಿತ್ತು. ಆ ಎಣ್ಣೆಯ ವಾಸನೆ ಎಷ್ಟು ಸೋಪು ತಿಕ್ಕಿದರೂ ಕೈಬಿಟ್ಟು ಹೋಗಲಿಲ್ಲ.

ಕಳೆದ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಸಂಜೆ ಗಿರಣಿಯ ಬಾಗಿಲು ಹಾಕುತ್ತ ಎದುರಿಗೆ ನೋಡಿದೆ. ಲಿಂಗದ ಮುಂದೆ ಯಾರೋ ದೀಪ ಹಚ್ಚಿದ್ದರು, ದೇವಿಯ ಮುಂದೆಯೂ. ಬಲಗಡೆ ಮಾತ್ರ ಕತ್ತಲು. ಆಯಿ ಅತ್ತದ್ದು ನೆನಪಾಯಿತು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು; ಆದರೂ ಹಣತೆ ತುಂಬಿಕೊಂಡು ಹೋದೆ.

ಆಯಿ ಬಗ್ಗುತ್ತಿದ್ದ ಜಾಗಕ್ಕೆ ಬಂದಾಗ ನಾನೂ ಬಗ್ಗಿದೆ. ಮೇಲೆ ಬರೀ ಗಾಳಿ. ಆದರೂ ತುರುಬಿಗೆ ತಣ್ಣಗೆ ಕಲ್ಲು ತಾಗಿತು.

ಇನ್ನಷ್ಟು ಬಗ್ಗಿದೆ.