ರವದಿಯ ಬೆಂಕಿಗೆ ಮೋಸಹೋಗದ ಕಣ್ಣು

ಬೆಳಿಗ್ಗೆ ಹಾಲು ಕಾಯಿಸಿ, ಅತ್ತೆಯವರಿಗೆ ಚಹಾ ಕೊಟ್ಟು, ಹಿತ್ತಲ ಕಿಟಕಿ ತೆರೆದು ರೊಟ್ಟಿ ಬಡಿಯಲು ಕುಳಿತೆ. ಮುಧೋಳ ರಸ್ತೆಯ ಕಡೆ ಯಾರೋ ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣಸೋಗೆಗೆ, ನಮ್ಮ ಕಡೆಯ ರವದಿಗೆ, ಬೆಂಕಿ ಹಚ್ಚಿದ್ದರು. ಆ ಸಿಹಿಗಮಟು ವಾಸನೆ ಒಳಗೆ ಬಂತು. ನಮ್ಮ ಜಮಖಂಡಿಗೆ ಅದೇನು ಹೊಸದಲ್ಲ. ಹೊಸದೆಂದರೆ, ಮಧ್ಯಾಹ್ನ ಊಟಕ್ಕೆ ವಿಜಯಾ ಬರುವವಳಿದ್ದಳು.

ವಿಜಯಾ ನನ್ನ ಕಾನ್ವೆಂಟ್ ಗೆಳತಿ. ಇಬ್ಬರದೂ ಒಂದೇ ಬೆಂಚು. ನನ್ನ ಅಕ್ಷರ ದುಂಡಗೆ, ಆಕೆಯದು ಇರುವೆ ಮಸಿಯಲ್ಲಿ ಅದ್ದಿಕೊಂಡು ಓಡಿದ ಹಾಗೆ. ಸಿಸ್ಟರ್ ನನ್ನ ವಹಿಯನ್ನೇ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಆ ದುಂಡಕ್ಷರ ಈಗ ಅಡುಗೆಮನೆಯ ಡಬ್ಬಿಗಳ ಮೇಲಿದೆ. ವಿಜಯಾಳೋ, ಎಲ್ಲಿಂದ ಕ್ಷಿಪಣಿ ಹಾರಿದರೂ ಅದರ ಶಾಖವನ್ನು ಬಾನಿನಿಂದಲೇ ಕಂಡು ಎಚ್ಚರಿಸುವ ಉಪಗ್ರಹಗಳಿಗೆ ಕಣ್ಣು ತಯಾರಿಸುವ ಕೆಲಸದಲ್ಲಿದ್ದಾಳೆ. ನೀವೇ ಹೇಳಿ, ಅದರೆದುರು ನನ್ನ ಎಣ್ಣೆಗಾಯಿ ಎಷ್ಟು ರುಚಿಯಾದರೇನು?

ಅಷ್ಟನ್ನಾದರೂ ಸಹಿಸಿಕೊಂಡೇನು. ಆದರೆ ನನ್ನ ಮಗಳು ಪಲ್ಲವಿ, ಹತ್ತನೆಯ ತರಗತಿಯವಳು, ಸಾಕ್ಸ್ ಎಲ್ಲಿ ಎಂದು ಕೇಳಲು ಮಾತ್ರ ನನ್ನ ಕೂಡ ಬಾಯಿ ಬಿಡುವವಳು, ಮಧ್ಯಾಹ್ನ ವಿಜಯಾಳ ಪಕ್ಕ ಕುಳಿತು ಊಟ ಮರೆತು ಆಕೆಯನ್ನೇ ನೋಡುತ್ತಿದ್ದಳು.

"ಮೌಶಿ, ನಮ್ಮ ಕಡೆ ರವದಿ ಸುಟ್ರ ನಿಮ್ಮ ಉಪಗ್ರಹಕ್ಕ ಕಾಣತೈತೇನ್ರಿ?"

"ಕಾಣತೈತಿ. ಕಾಣೂದು ದೊಡ್ಡ ಮಾತಲ್ಲ ಬೇ, ಮೋಸ ಹೋಗಬಾರದು. ರವದಿ ಬೆಂಕಿ ಹೊಲಾ ಬಿಟ್ಟ ಹೋಗೂದಿಲ್ಲ. ಕ್ಷಿಪಣಿ ಬೆಂಕಿ ಓಡತೈತಿ."

"ಮತ್ತ ಮೋಡದ ಮ್ಯಾಲೆ ಬಿಸಲ ಹೊಳದ್ರ?"

"ಅದನ್ನ ಬ್ಯಾರೆ ಮಾಡಾಕನ ನಮಗ ಪಗಾರ ಕೊಡತಾರ."

ಇಬ್ಬರೂ ನಕ್ಕರು. ನೆಲದ ಕಿಚ್ಚನ್ನೆಲ್ಲ ಕಾಣುವ ಆ ಕಣ್ಣಿಗೆ, ಸಾರಿನ ಸೌಟು ಹಿಡಿದು ನಿಂತವಳ ಹೊಟ್ಟೆಕಿಚ್ಚು ಕಾಣದೆ ಹೋದದ್ದು ನನ್ನ ಪುಣ್ಯ.

"ನಮ್ಮ ಪಲ್ಲವಿಗೆ ಕುಕ್ಕರ್ ಸೀಟೀನ ಕೇಳಸೂದಿಲ್ಲ. ಕ್ಷಿಪಣಿ ಬಂದ್ರೂ ಮಕ್ಕೊಂಡಿರತಾಳ" ಎಂದೆ. ಚೇಷ್ಟೆಗೆ ಅಂದೆ ಎಂದುಕೊಂಡಿದ್ದೆ. ದನಿ ಬೇರೆಯೇ ಬಂತು. ಪಲ್ಲವಿ ತಾಟು ಎತ್ತಿಕೊಂಡು ಎದ್ದಳು. ವಿಜಯಾ ನನ್ನನ್ನೊಮ್ಮೆ ನೋಡಿ, ಕೈ ತೊಳೆದು ಆಕೆಯ ಹಿಂದೆಯೇ ಹಿತ್ತಲಿಗೆ ಹೋದಳು. ಪಾತ್ರೆ ತಿಕ್ಕುತ್ತ ಕಿವಿಗೊಟ್ಟೆ. ಮೊದಲು ಪಿಸುಮಾತು, ಆಮೇಲೆ ನಗು, ನಿಲ್ಲದ ನಗು. ನಳ ಜೋರಾಗಿ ಬಿಟ್ಟುಕೊಂಡೆ.

ಸಂಜೆ ವಿಜಯಾಳನ್ನು ಕಳಿಸಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಗಂಗಕ್ಕ, ಪಲ್ಲವಿಯನ್ನು ತೊಟ್ಟಿಲಿನಿಂದ ಬಲ್ಲವಳು, ಗೋಡೆಯಾಚೆ ತನ್ನ ಸೀರೆ ಮಡಚುತ್ತ ಅಂದಳು:

"ಮಧ್ಯಾಹ್ನ ಪಲ್ಲವಿ ಏನ್ ನಕ್ಕಳ್ರೀ ವೈನಿ. ಆಕಿ ನಗು ಹಿಂಗಿರತೈತಿ ಅಂತ ನನಗ ಇವತ್ತ ಗೊತ್ತಾತು ನೋಡ್ರಿ."