ಬಾಗಿಲ ಸಂದಿಯ ಪ್ಲಾಸ್ಟಿಕ್ ಚೂರು

ಎಮೆತೆರಿಯೊ ಕಳ್ಳನೆಂದು ನಾನು ಸಾಬೀತು ಮಾಡಲಾರೆ. ಆದರೆ ಅವನು ಹೊಂಚು ಹಾಕುವವನು, ಇನ್ನೊಬ್ಬರ ಬದುಕನ್ನು ಇಣುಕಿ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುವವನು. ಇಪ್ಪತ್ತೆರಡು ವರ್ಷ ಅವನನ್ನು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮ್ಯಾಡ್ರಿಡ್ಡಿನ ಸಲಮಾಂಕಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆಗಳಿವೆ. ಅವನು ಅದರ ಕಾವಲುಗಾರ. ಹೆಬ್ಬಾಗಿಲ ಹಿಂದಿನ ಎರಡು ಕೋಣೆಗಳು ಕೆಲಸದ ಜೊತೆ ಬಂದ ಅವನ ಮನೆ. ಕೆಲಸ ಹೋದರೆ ಅದೂ ಹೋಗುತ್ತದೆ. ಹಿತ್ತಾಳೆಯ ಹಿಡಿಗಳನ್ನು ನಿಂಬೆ ಹೋಳಿನಿಂದ ಉಜ್ಜುತ್ತಾ, ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕುಳಿತರು ಎಂದು ಗಮನಿಸುತ್ತಾನೆ. ಒಮ್ಮೆ ನನ್ನನ್ನೇ ಕೇಳಿದ್ದ: "ನಿನ್ನೆ ನಿಮ್ಮಲ್ಲಿಗೆ ಬಂದೋರು ಡಾಕ್ಟ್ರಾ, ಪಾದ್ರಿನಾ? ಚೀಲ ನೋಡಿದ್ರೆ ಡಾಕ್ಟ್ರು, ಮುಖ ನೋಡಿದ್ರೆ ಪಾದ್ರಿ." ಉಳಿದ ಹನ್ನೊಂದು ಮನೆಯವರು ಅವನಿಗೆ ಕೀಲಿಕೈ ಕೊಟ್ಟಿದ್ದಾರೆ. ನಾನು ಕೊಟ್ಟಿಲ್ಲ.

ಇಷ್ಟೆಲ್ಲ ಬಲ್ಲವನಿಗೆ, ಹೋದ ಆಗಸ್ಟಿನಲ್ಲಿ ಎರಡನೇ ಮಹಡಿಯ ಒಂಟಿ ಮುದುಕ ದೊನ್ ಫಾಕುಂದೊ ಸತ್ತು ನಾಲ್ಕು ದಿನ ಮನೆಯೊಳಗೇ ಬಿದ್ದಿದ್ದು ಮಾತ್ರ ಗೊತ್ತಾಗಲಿಲ್ಲ. ಅದೇ ತಿಂಗಳು ಮೂರನೇ ಮಹಡಿಯಲ್ಲಿ ಬೆಳ್ಳಿ ಸಾಮಾನು ಕಳುವಾಯಿತು. ಬೀಗ ಒಡೆದಿರಲಿಲ್ಲ.

ಈ ಆಗಸ್ಟಿನಲ್ಲೂ ಎಲ್ಲರೂ ಬೇಸಿಗೆ ರಜೆಗೆ ಸಮುದ್ರದ ಕಡೆ ಹೊರಟರು. ನಾನೊಬ್ಬಳೇ ಉಳಿದೆ. ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಉಗುರಿನಷ್ಟು ಗಾತ್ರದ ಪಾರದರ್ಶಕ ಪ್ಲಾಸ್ಟಿಕ್ ಚೂರೊಂದು ಕೆಳಗೆ ಬಿತ್ತು. ಮರುದಿನವೂ ಬಿತ್ತು. ಈ ಉಪಾಯ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು: ಕಳ್ಳರು ಬಾಗಿಲ ಸಂದಿಗೆ ಚೂರು ಸಿಕ್ಕಿಸಿ ಹೋಗುತ್ತಾರೆ, ಬಾಗಿಲು ತೆರೆಯದೆ ಅದು ಹಾಗೇ ಉಳಿದರೆ ಮನೆ ಖಾಲಿಯೆಂದು ಅರ್ಥ. ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ಸಂಗ್ರಹಿಸಿದೆ. ಐದನೇ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತೆ. ಎಮೆತೆರಿಯೊ ಬೂಟು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದ. ಜೇಬಿನಿಂದ ಚೂರು ತೆಗೆದು ನನ್ನ ಬಾಗಿಲಿಗೆ ಸಿಕ್ಕಿಸಿ ಇಳಿದುಹೋದ.

ಸೆಗೋವಿಯಾದ ತಂಗಿಯ ಮನೆಗೆ ನಾನು ಎಂದು ಹೋಗುತ್ತೇನೆಂದು ಅವನಿಗೆ ಹೇಳಿರಲಿಲ್ಲ. ಅದನ್ನು ತಿಳಿಯಲೆಂದೇ ಈ ಹೊಂಚು ಎಂದುಕೊಂಡೆ. ಎದುರು ಮನೆಯ ಕಸಿಲ್ದಾ ಕಡಲತೀರದ ಸಾಂತಾಂದೆರ್‌ನಲ್ಲಿದ್ದಳು. ಅವಳಿಗೆ ಫೋನ್ ಮಾಡಿದೆ.

"ಪೊಲೀಸ್ರಿಗೆ ಹೇಳೇ!"

"ಸಾಕ್ಷಿ ಬೇಕು, ಕಸಿಲ್ದಾ."

"ನಿನ್ನ ಸಾಕ್ಷಿ ಸಿಗೋ ಹೊತ್ತಿಗೆ ನನ್ನ ಬೆಳ್ಳಿ ಚಮಚಗಳೆಲ್ಲ ಹೊರಟೋಗಿರ್ತವೆ. ಈ ವರ್ಷ ಅಧ್ಯಕ್ಷೆ ನೀನೇ ತಾನೆ? ಓಡ್ಸು ಅವನ್ನ!"

ನಮ್ಮಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷಗಿರಿ ಮನೆಯಿಂದ ಮನೆಗೆ ಸರದಿಯಲ್ಲಿ ಬರುತ್ತದೆ. ಭಾನುವಾರ ಕುಳಿತು ಸಭೆಯ ಸೂಚನಾಪತ್ರ ಬರೆದೆ: ಕಾವಲುಗಾರನನ್ನು ತೆಗೆದುಹಾಕಿ ಹೆಬ್ಬಾಗಿಲಿಗೆ ಅಂಕಿ ಒತ್ತುವ ಬೀಗ ಹಾಕಿಸುವುದು. ಹನ್ನೊಂದು ಪ್ರತಿಗಳು ಸಿದ್ಧವಾದವು. ಆದರೆ ಎಲ್ಲರ ಬೇಸಿಗೆಮನೆಗಳ ವಿಳಾಸ ಇದ್ದದ್ದು ಅವನೊಬ್ಬನ ಬಳಿ. ಮಂಗಳವಾರ ಕೇಳಿದೆ.

"ಹನ್ನೊಂದೂ ಒಟ್ಟಿಗೇನಾ?" ಎಂದ. "ಮದುವೆ ಕಾಗದನಾ, ಅಮ್ಮಾವ್ರೇ?"

"ಅಧಿಕಪ್ರಸಂಗ ಬೇಡ. ಬರಿ."

ದುಂಡು ಅಕ್ಷರಗಳಲ್ಲಿ ಬರೆದುಕೊಟ್ಟ.

ಗುರುವಾರ ನಾನು ಬಾಗಿಲು ತೆರೆಯಲೇ ಇಲ್ಲ. ಕಿಟಕಿಗಳ ಪರದೆ ಇಳಿಸಿ, ರೇಡಿಯೊ ಹಚ್ಚದೆ, ಊರುಗೋಲು ಹಿಡಿದು ಬಾಗಿಲ ಹಿಂದೆ ಕುಳಿತೆ. ಮನೆ ಖಾಲಿಯೆಂದು ತಿಳಿದು ಬಂದೇ ಬರುತ್ತಾನೆ; ಕೈಯಾರೆ ಹಿಡಿಯುತ್ತೇನೆ ಎಂಬುದು ನನ್ನ ಲೆಕ್ಕಾಚಾರ.

ಮಧ್ಯಾಹ್ನ ಎರಡಕ್ಕೆ ಬಂದ. ಬೀಗಕ್ಕೆ ಕೈ ಹಾಕಲಿಲ್ಲ, ಗಂಟೆ ಒತ್ತಿದ. ಮತ್ತೆ ಒತ್ತಿದ. ಆಮೇಲೆ ಬಾಗಿಲು ಬಡಿಯತೊಡಗಿದ. "ದೊನ್ಯಾ ಓಬ್ದುಲಿಯಾ! ಅಮ್ಮಾವ್ರೇ!" ನಾನು ಉಸಿರೆತ್ತಲಿಲ್ಲ. ಅವನು ಅಗ್ನಿಶಾಮಕದವರಿಗೆ ಫೋನ್ ಮಾಡಿ ಕಿರುಚಾಡುವುದು ಕೇಳಿಸಿತು: "ಕೀಲಿಕೈ ನನ್ನತ್ರ ಇಲ್ಲ ಕಣ್ರೀ, ಅವ್ರು ಕೊಟ್ಟಿಲ್ಲ! ನಾಲ್ಕನೇ ಮಹಡಿ, ಬಲಗಡೆ. ಏಣಿ ತನ್ನಿ. ವಯಸ್ಸು ಎಂಬತ್ತೊಂದು, ಎಪ್ಪತ್ತೈದು ಅಂತ ಹೇಳ್ಕೋತಾರೆ."

ಬಾಗಿಲು ತೆರೆದೆ. ಚೂರು ನೆಲಕ್ಕೆ ಬಿತ್ತು.

ನನ್ನನ್ನು ನೋಡಿದ, ಊರುಗೋಲನ್ನು ನೋಡಿದ. "ಬರ್ಬೇಡಿ," ಎಂದು ಫೋನಿಗೆ ಹೇಳಿದ. "ಬದುಕಿದ್ದಾರೆ. ಹೊಡೆಯೋಕೆ ನಿಂತಿದ್ದಾರೆ." ಆಮೇಲೆ ಗೋಡೆಗೆ ಒರಗಿ, "ಚೂರು ದಿನಾ ಹತ್ತರೊಳಗೆ ಬೀಳೋದು. ಇವತ್ತು ಎರಡಾದ್ರೂ ಬಿದ್ದಿಲ್ಲ. ದೊನ್ ಫಾಕುಂದೊ ಬಾಗಿಲಿಗೆ ನಾನು ಇಟ್ಟಿರ್ಲಿಲ್ಲ," ಎಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ."

ಅವನ ಕಣ್ಣು ಅಭ್ಯಾಸದಂತೆ ಒಳಗೆ ನುಸುಳಿ, ಮೇಜಿನ ಮೇಲೆ ಇನ್ನೂ ಅಂಚೆಗೆ ಹಾಕದೆ ಇಟ್ಟಿದ್ದ ಹನ್ನೊಂದು ಲಕೋಟೆಗಳ ಮೇಲೆ ನಿಂತಿತು.

"ವಿಳಾಸ ಎಲ್ಲಾ ಸರಿ ಇದ್ವಾ? ನೀವು ಹೊರಗಿಟ್ಟ ಕಸದ ಬುಟ್ಟೀಲಿ ಕಾಗದದ ಕರಡು ಇತ್ತು. ಸೋಮವಾರನೇ ಓದ್ದೆ."

ಓದಿಯೇ ಇರುತ್ತಾನೆ. ಆದರೆ ಸೋಮವಾರದಿಂದೀಚೆಗೂ ಪ್ರತಿ ಬೆಳಿಗ್ಗೆ ನನ್ನ ಬಾಗಿಲಿಗೆ ಚೂರು ಬಂದಿತ್ತು.

ಮೂರನೇ ಮಹಡಿಯ ಬೆಳ್ಳಿ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿದೆ. ಅವನು ಇಳಿದುಹೋಗುವ ಸದ್ದು ಕೇಳಲಿಲ್ಲ. ಕಿಂಡಿಗೆ ಕಣ್ಣಿಟ್ಟೆ. ಬಗ್ಗಿದ ಅವನ ಬೋಳು ತಲೆ ಕಾಣಿಸಿತು. ನೆಲದ ಮೇಲಿನ ಚೂರನ್ನು ಹೆಕ್ಕಿ, ಅಂಗಿಗೆ ಒರೆಸಿ, ಮತ್ತೆ ಸಂದಿಗೆ ಸಿಕ್ಕಿಸುತ್ತಿದ್ದ.